ಕರೆಂಟು ಹೋದಾಗ

ಬಳ್ಳಾರಿ. ಕೌಲ್ ಬಜಾರಿನ ಜೀನ್ಸ್ ಖೋಲಿ.
ಕರೆಂಟು ಹೋಗಿ ಹನ್ನೊಂದು ಮಷೀನು ಒಮ್ಮೆಲೇ ಮೂಕ.
ಮಾಬುನ್ನಿ ಸೆರಗಿನ ಗಂಟಿನಿಂದ
ಸೀಳಿದ ಹುಣಸೆಬೀಜ ನಾಲ್ಕು ತೆಗೆದಳು,
ಒಂದು ಮೈ ಬಿಳಿ, ಒಂದು ಮೈ ಕಪ್ಪು.
ಕಟಿಂಗ್ ಟೇಬಲ್ಲಿನ ಮೇಲೆ ಚಾಕಿನ ಚೌಕಾಬಾರ.

ಗಾದಿಲಿಂಗನ ಕಾಯಿ ಹಣ್ಣಾಗಲು ಎಂಟೇ ಬೇಕು,
ನಾಲ್ಕೂ ಕಪ್ಪು.
ಎರಡು. ಮೂರು. ಎರಡು. ಒಂದು. ಮತ್ತೆ ಎರಡು.
"ಇಷ್ಟು ಸಲ ಬಿದ್ದಿಲ್ಲ ಅಂದಮ್ಯಾಗ
ಈಗ ಬಿದ್ದೇ ಬೀಳತೈತಿ!"
ಮುಷ್ಟಿಯೊಳಗೆ ಉಸಿರೂದಿದ.

ಬಟನ್ ಎಣಿಸಿ ಪಳಗಿದ ಬೆರಳು ಅವಳದು.
ಡೆನಿಮ್ ಚಿಂದಿಯ ಮೇಲೆ
ಬೀಳಬಹುದಾದ ಬಗೆಯನ್ನೆಲ್ಲ ಗೀಚಿದಳು:
ಹದಿನಾರು.
ಎರಡಕ್ಕೆ ಆರು ದಾರಿ,
ಒಂದಕ್ಕೂ ಮೂರಕ್ಕೂ ನಾಕು ನಾಕು,
ಚೌಕಕ್ಕೊಂದು.
ನಿನ್ನ ಎಂಟಕ್ಕೆ ಒಂದೇ ಸಂದಿ.

"ಹಿಂದ ಬಿದ್ದದ್ದು ಬೀಜಕ್ಕ
ಎಲ್ಲಿ ನೆನಪಿರತೈತಿ, ಗಾದಿ?
ಬಾಕಿ ಬರದಿಡಾಕ ಅದೇನು ಸೇಠನಾ?
ಪ್ರತಿ ಸಲಾನೂ ಅದಕ್ಕ ಮೊದಲನೇ ಸಲ."

ಎಸೆದ.
ಮೂರು ಕಪ್ಪಾಗಿ ಮಲಗಿದವು. ನಾಲ್ಕನೆಯದು
ಅಂಚಿನ ಮೇಲೆ ಇನ್ನೂ ತಿರುಗುತ್ತಿತ್ತು,

ಕರೆಂಟು ಬಂತು. ಟೇಬಲ್ಲು ನಡುಗಿತು.
ಬೀಜ ಉರುಳಿ ನೀಲಿ ಚಿಂದಿಯ ರಾಶಿಯೊಳಗೆ
ಎಲ್ಲೋ ಹೋಯಿತು.

ಹದಿನೇಳನೆಯದನ್ನು
ಅವಳು ಬರೆದಿರಲಿಲ್ಲ.