ಏಳನೆಯ ತಾಣ

ಮಂಗಳವಾರ ಕಡಲಿಗೆ ರಜೆ.
ಬುಕೋಮಿನಲ್ಲಿ ಅಂದು ಯಾರೂ ದೋಣಿ ಇಳಿಸುವುದಿಲ್ಲ,
ಬಲೆಗಳು ಮರಳ ಮೇಲೆ ಕಾಲು ಚಾಚಿ ಬಿದ್ದಿರುತ್ತವೆ.
ಹಾಗಾಗಿ ಅಂದೇ, ನಸುಕಿನ ಐದಕ್ಕೆ,
ಓಡಾರ್ಟೆ ಮಾಸ್ಟರ ಅಂಗಳ ಭರ್ತಿ:
ಮೀನಿಗೆ ಹೊಗೆ ಹಾಕುವವರು, ಬಲೆ ಹೊಲಿಯುವವರು,
ಬ್ಯಾಂಕಿನಿಂದ ಒಬ್ಬಳು ಕ್ಯಾಷಿಯರು,
ಟ್ರೊಟ್ರೊ ವ್ಯಾನಿನ ಬಾಗಿಲಿಗೆ ಜೋತು
ನಿಲ್ದಾಣಗಳ ಹೆಸರು ಕೂಗಿ ಕೂಗಿ ಗಂಟಲು ಒಡೆದ ಹುಡುಗ.

ಒಂಬತ್ತು ತಾಣ. ಒಂದೊಂದಕ್ಕೆ ಮೂರು ನಿಮಿಷ.
ಹಗ್ಗ ಜಿಗಿ, ಮರಳಿನ ಚೀಲ ಗುದ್ದು,
ಸಿಮೆಂಟು ತುಂಬಿದ ಹಾಲಿನಪುಡಿ ಡಬ್ಬ ಎತ್ತು,
ಗೋಡೆಗೆ ಬೆನ್ನು ಕೊಟ್ಟು ಇಲ್ಲದ ಕುರ್ಚಿಯಲ್ಲಿ ಕೂರು.
ಗಂಟೆ ಇಲ್ಲ. ಮಾಸ್ಟರು ಖಾಲಿ ಸಿಲಿಂಡರಿಗೆ
ಸ್ಪ್ಯಾನರಿನಿಂದ ಬಡಿದರೆ ಎಲ್ಲರೂ ಒಂದು ತಾಣ ಮುಂದಕ್ಕೆ.
ಮೊದಲ ಸುತ್ತಿನಲ್ಲಿ ಮಾತು, ನಗು.
ಎರಡನೆಯದರಲ್ಲಿ ಎಣಿಕೆ ಮಾತ್ರ.
ಮೂರಕ್ಕೆ ಎಲ್ಲರೂ
ತಾವು ಮಾರುವ ಮೀನಿನ ಹಾಗೇ ಬಾಯಿ ಬಿಡುತ್ತಾರೆ.

ನಾನೊಬ್ಬಳು ಅಲುಗುವುದಿಲ್ಲ.
ಏಳನೆಯ ತಾಣ ನಾನೇ.

ಅಂಗೈಗಳಿಗೆ ಪ್ಯಾಡು ಕಟ್ಟಿ ನಿಂತಿರುತ್ತೇನೆ.
ಎಡ, ಬಲ, ಎಡದ ಹುಕ್ಕು. ಬಗ್ಗು. ಮತ್ತೆ.
ಅತ್ತೆಯ ಮೇಲಿನ ಸಿಟ್ಟು ಕೊತ್ತಿಯ ಮೇಲೆ,
ಆ ಕೊತ್ತಿಗೆ ಇಲ್ಲಿ ಸಂಬಳ ಉಂಟು.
ಕ್ಯಾಷಿಯರು ಪ್ರತಿ ಗುದ್ದಿಗೂ ಸಾರಿ ಅನ್ನುತ್ತಾಳೆ;
ವಾರವಾರಕ್ಕೂ ಸಾರಿ ಮೆತ್ತಗೆ, ಗುದ್ದು ಬಿರುಸು.
ಹುಡುಗ ಕಣ್ಣು ಮುಚ್ಚಿ ಹೊಡೆಯುತ್ತಾನೆ,
ಯಾರೋ ಚಿಲ್ಲರೆ ಕೊಡದೆ ಇಳಿದುಹೋಗಿರಬೇಕು.
ಕೊರ್ಕೋಯಿ ಹೊಡೆಯುವುದು ಎಡಗೈಯಲ್ಲಿ ಮಾತ್ರ.
ಬಲ, ಎಂದು ಕೂಗುವುದನ್ನು ನಾನೇ ಬಿಟ್ಟಿದ್ದೇನೆ.
ನಾ ಡೆಡೇಗೆ ಅರವತ್ತೆರಡು. ಕೆಂಕಿಯ ಹಿಟ್ಟು ನಾದಿದ ಕೈ:
ಅವಸರವಿಲ್ಲ, ಆದರೆ ನನ್ನ ಭುಜದ ತನಕ ಬಂದು ಕೂರುತ್ತದೆ.

ರಾತ್ರಿ ಚಾಪೆಯಲ್ಲಿ ಅಂಗೈ ಗುಂಯ್‌ಗುಡುತ್ತದೆ.
ಯಾವುದು ಯಾರದೆಂದು ವಿಂಗಡಿಸುತ್ತಾ ಮಲಗುತ್ತೇನೆ.
ನನ್ನದು ಒಂದೂ ಸಿಕ್ಕಿದ್ದಿಲ್ಲ.

ಹೋದ ಮಂಗಳವಾರ ನಾ ಡೆಡೇ
ಗ್ಲೌಸು ಕಳಚಿ ನನ್ನ ಮುಂದೆ ಹಿಡಿದಳು: ತಗೋ.
ಪ್ಯಾಡುಗಳನ್ನು ತಾನೇ ತೊಟ್ಟಳು.
ಒಳಗೆ ಇನ್ನೂ ಅವಳ ಬೆವರಿನ ಬಿಸಿ.
ಮುಷ್ಟಿ ಕಟ್ಟಲು ಹೋದೆ, ಬೆರಳುಗಳಿಗೆ ದಾರಿ ತಿಳಿಯಲಿಲ್ಲ,
ನಾಲ್ಕು ವರ್ಷ ಬಿಚ್ಚಿಕೊಂಡೇ ನಿಂತ ಕೈ ಅದು.
ಹೇಗೋ ಒಂದು ಮುಟ್ಟಿಸಿದೆ.
"ಇದೇನೇ, ಮೀನು ಹಳಸಿದೆಯೋ ಎಂದು ಒತ್ತಿ ನೋಡುತ್ತೀಯಾ?"
ಅಂಗಳವೆಲ್ಲ ನಕ್ಕಿತು. ನಾನೂ ನಕ್ಕೆ,
ನಗುವಿನ ನಡುವೆಯೇ ಎರಡನೆಯದು ಹೊರಟುಹೋಯಿತು.
ಮೂರನೆಯದು. ಆಮೇಲಿನವು.

ಎಷ್ಟು ಹೊಡೆದೆನೋ. ನಾ ಡೆಡೇ ಒಂದಡಿ ಹಿಂದೆ ಸರಿದಿದ್ದಳು,
ಯಾರಿಗೆ ಎಂದು ಕೇಳಲಿಲ್ಲ.
ಕೇಳಿದ್ದರೆ ಹೆಸರಿತ್ತು.

ಸ್ಪ್ಯಾನರು ಬಡಿಯಿತು.
ಎಲ್ಲರೂ ಒಂದು ತಾಣ ಮುಂದಕ್ಕೆ.
ಎಂಟನೆಯದು ಲಾರಿಯ ಟೈರು, ಅದಕ್ಕೊರಗಿದ ಸುತ್ತಿಗೆ.
ಇಷ್ಟು ವರ್ಷ ಎದುರಿಗೇ ಇತ್ತು.
ಎತ್ತಿದೆ.
ಕಂಡದ್ದಕ್ಕಿಂತ ಭಾರ.