ತಿರುವಿನ ಕಲ್ಲು

ಅರವತ್ತೈದರ ಶೆವರ್ಲೆ, ಬಣ್ಣ ಒಂದು ಕಾಲಕ್ಕೆ ಹಸಿರು.
ಬಾನೆಟ್ಟು ಬಿಚ್ಚಿ ಗೋಡೆಗೆ ಒರಗಿಸಿದ್ದೇವೆ,
ದೀಪ ಇಳಿಬಿಟ್ಟು ನಾನು ಹಿಡಿದಿದ್ದೇನೆ.
ಒಳಗೆ ಒಂದೇ ಸಾಲಿನಲ್ಲಿ ಆರು ಸಿಲಿಂಡರು,
ಶಾಲೆಯ ಫೋಟೋಕ್ಕೆ ನಿಲ್ಲಿಸಿದ ಮಕ್ಕಳ ಹಾಗೆ
ನೆಟ್ಟಗೆ, ತಲೆಗೆಲ್ಲ ಎಣ್ಣೆ.

ದೆಲ್ಫಿನೊಗೆ ಮನಸ್ಸಿಲ್ಲ.
"ಕಾರ್ಖಾನೆಯಲ್ಲೇ ಕೂಡಿಸಿದ್ದು. ಇದನ್ನು ಕಿತ್ತರೆ
ಸಾಂತಾ ಫೆಯಲ್ಲಿ ಒಬ್ಬರೂ ಮೂಸಿ ನೋಡುವುದಿಲ್ಲ."
ಅತ್ತೆ ಎದುವೀಹೆಸ್, ಎಪ್ಪತ್ತೊಂದು ವರ್ಷ,
ಬೆಟ್ಟದ ಪಿನ್ಯೋನ್ ಸೌದೆ ಮಾರುವವಳು,
ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಹೇಳಿದಳು:
"ಮೂಸುವವರು ಸೌದೆ ಕೊಳ್ಳೋದಿಲ್ಲ. ಕೀಳು."

ಹೊಸದು ಬಂದದ್ದು ಆಲ್ಬುಕರ್ಕಿಯ ಗುಜರಿಯಿಂದ.
ಹೊಸದೆಂದರೆ, ಎರಡು ಸಾವಿರದ ಎರಡರದು,
ಹಿಂದಿನಿಂದ ಗುದ್ದಿಸಿಕೊಂಡ ಪಿಕಪ್ಪೊಂದರದು,
ಆರುನೂರು ಡಾಲರಿಗೆ ಎಂಟು ಸಿಲಿಂಡರು.
ನಾನು ಬಾಯಿ ತಡೆಯದೆ "ಹೃದಯ ಕಸಿ" ಅಂದುಬಿಟ್ಟೆ.
"ಹೃದಯವಂತೆ!"
ಸೂರ್ಯಕಾಂತಿಯ ಸಿಪ್ಪೆ ಉಗುಳಿದಳು ಅತ್ತೆ.
"ಹೊಟ್ಟೆ ಕಣೇ ಅದು. ಹಾಕಿದ್ದು ತಿಂದು ದುಡಿಯೋ ಹೊಟ್ಟೆ."

ಹೇಳಿದಷ್ಟು ಸುಲಭಕ್ಕೆ ಕೂರಲಿಲ್ಲ.
ಎಣ್ಣೆಯ ತೊಟ್ಟಿ ಅಡ್ಡತೊಲೆಗೆ ತಾಕಿತು,
ಹೊಗೆಕೊಳವೆ ಸ್ಟಿಯರಿಂಗಿಗೆ.
ಎರಡಿಂಚು ಹಿಂದೆ, ಅರ್ಧ ಇಂಚು ಮೇಲೆ,
ಎತ್ತು ಏರಿಗೆ, ಕೋಣ ನೀರಿಗೆ,
ಮೂರು ದಿನ ಚೈನು ಕಿರುಗುಟ್ಟಿತು.
ದೆಲ್ಫಿನೊ ಸಂತರ ಹೆಸರು ಹಿಡಿದು ಸ್ಪ್ಯಾನಿಷಿನಲ್ಲಿ ಬೈದ,
ಬೆರಳ ಗೆಣ್ಣು ಸುಲಿದಾಗ ಮಾತ್ರ ಇಂಗ್ಲಿಷಿನಲ್ಲಿ.
ಕಡೆಗೆ ಬೋಲ್ಟಿಗೆ ತೂತು ಸಿಕ್ಕಿ
ಸಣ್ಣದೊಂದು ಟಕ್.

ಕೀಲಿ ತಿರುಗಿಸಿದೆವು. ಎರಡು ಸೆಕೆಂಡು ಗುಡುಗಿ ನಿಂತಿತು.
ಮತ್ತೆ ಎರಡು ಸೆಕೆಂಡು. ಮತ್ತೆ.
ಪೆಟ್ರೋಲುಂಟು, ಕಿಡಿಯುಂಟು, ಒಪ್ಪಿಗೆಯಿಲ್ಲ.
ಲ್ಯಾಪ್‌ಟಾಪು ಜೋಡಿಸಿ ಓದಿದೆ:
ಪುಸ್ತಕದಷ್ಟಗಲದ ಪೆಟ್ಟಿಗೆಯಲ್ಲಿ ಕೂತ ಕಂಪ್ಯೂಟರು
ತನ್ನ ಹಳೆಯ ಕೀಲಿಗಾಗಿ ಕಾಯುತ್ತಿದೆ.
ಯಾರದೋ ಜೇಬಿನಲ್ಲಿ ಝಣಗುಟ್ಟುತ್ತಿದ್ದದ್ದು,
ಈಗ ಯಾವ ಡ್ರಾಯರಿನಲ್ಲೋ, ಯಾವ ಕಸದಲ್ಲೋ.
ನಮ್ಮನ್ನು ಕಳ್ಳರೆಂದುಕೊಂಡಿದೆ.
ಮರೆ ಎಂದು ಅದಕ್ಕೆ ಬರೆದು ಹೇಳಬೇಕು,
ಒಂದು ಚೌಕದ ಒಂದು ಗುರುತು ಅಳಿಸಬೇಕು, ಅಷ್ಟೇ ಕೆಲಸ.
ಬೆರಳು ಯಾಕೋ ಅರೆಗಳಿಗೆ ತಡೆಯಿತು,
ಬೇರೆಯವರ ನಾಯಿಯ ಕೊರಳಪಟ್ಟಿ ಬಿಚ್ಚುವಾಗ
ಅದು ಮುಖ ನೋಡಿದರೆ ತಡೆಯುವಂತೆ.
ಅಳಿಸಿದೆ.

ಗ್ಯಾರೇಜಿನ ತಗಡೆಲ್ಲ ಅದುರಿತು. ದೆಲ್ಫಿನೊ ನಕ್ಕ,
ಕೂಡಲೇ ಮುಖ ಬಿಗಿದುಕೊಂಡ, ಹಳೆಯದು ಮೂಲೆಯಲ್ಲಿತ್ತಲ್ಲ.
"ಅದನ್ನು ಸೌದೆ ಸೀಳೋ ಯಂತ್ರಕ್ಕೆ ಕಟ್ಟು," ಅತ್ತೆಯ ಅಪ್ಪಣೆ,
"ಸತ್ತಿಲ್ಲವಲ್ಲ, ಸುಮ್ಮನೆ ಯಾಕೆ ಕೂರಬೇಕು?"

ಮರುದಿನ ತುಂಬಿದ ಹೊರೆ, ಒಂದೇ ಸೀಟಿನಲ್ಲಿ ಮೂವರು,
ಚಕ್ರ ಹಿಡಿದವಳು ಅತ್ತೆ.
ಏರಿನ ನಡುವೆ ಆ ತಿರುವು, ಅಲ್ಲೊಂದು ಚಪ್ಪಟೆ ಕಲ್ಲು.
ಪ್ರತಿಸಲ ರೇಡಿಯೇಟರು ಕುದಿದು ನಿಲ್ಲುತ್ತಿದ್ದದ್ದು ಅಲ್ಲೇ.
ದೆಲ್ಫಿನೊ ಚಿಕ್ಕವನಿದ್ದಾಗ ಅದರ ಮೇಲೆ ಕೂತು
ಸೇಬು ತಿನ್ನುತ್ತಿದ್ದನಂತೆ, ಕೆಳಗೆ ಇಡೀ ಕಣಿವೆ,
ಬಾನೆಟ್ಟಿನಡಿಯಿಂದ ಬಿಳಿ ಹಬೆ, ಅತ್ತೆಯ ಕೈಯಲ್ಲಿ ನೀರಿನ ಕ್ಯಾನು.
ಜಗತ್ತಿನಲ್ಲಿ ಅಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲವಂತೆ.
ಇವತ್ತೂ ಅವನ ಜೇಬಿನಲ್ಲಿ ಎರಡು ಸೇಬು.

ಗಾಡಿ ನಿಲ್ಲಲಿಲ್ಲ. ಗೇರು ಕೂಡ ಇಳಿಸಲಿಲ್ಲ ಅವಳು.
ಮುಳ್ಳು ಅರ್ಧಕ್ಕಿಂತ ಮೇಲೇರಲಿಲ್ಲ.
"ನಲವತ್ತು ವರ್ಷ," ಅಂದಳು ರಸ್ತೆಯಿಂದ ಕಣ್ಣು ಕೀಳದೆ,
"ನಲವತ್ತು ವರ್ಷದಿಂದ ಆ ಹಾಳು ಕಲ್ಲಿಗೆ
ಬೆನ್ನು ತೋರಿಸೋಕೆ ಕಾಯ್ತಿದ್ದೆ."

ಮುಂದಿನ ತಿರುವಿನವರೆಗೂ ದೆಲ್ಫಿನೊ
ಹಿಂದಿನ ಗಾಜಿನಲ್ಲಿ ನೋಡುತ್ತಲೇ ಇದ್ದ.
ಸೌದೆ ಅಡ್ಡವಿತ್ತು.
ನನಗೊಂದು ಸೇಬು ಕೊಟ್ಟ.