ಅಂಚು

ಗೋಧಿ ಹಿಟ್ಟು, ನೀರು. ಅಷ್ಟೇ.
ಉಪ್ಪಿಲ್ಲ, ಹುಳಿಯಿಲ್ಲ, ಒಂದು ತೊಟ್ಟು ಎಣ್ಣೆಯೂ ಇಲ್ಲ.
ಲಷ್ಕರ್ ಮೊಹಲ್ಲಾದ ಖಲೀಲ್ ಸಾಬರ ಗಿರಣಿಯಲ್ಲಿ
ಮಂಗಳವಾರ ಮೊದಲ ಬೀಸು ನನ್ನದು.
ಕಲ್ಲು ಒರೆಸಿ, ಗೂಡೆ ಕೊಡವಿ,
'ಯಾರ ದೇವರಾದ್ರೇನಮ್ಮ, ಜೋಳದ ಹುಡಿ ಸೇರಬಾರ್ದು'
ಅನ್ನುತ್ತಾರೆ ಆತ.

ಕಾನ್ವೆಂಟಿನ ಹಿಂಬದಿ ಕೋಣೆಯಲ್ಲಿ ಕಬ್ಬಿಣದ ಇಕ್ಕಳ,
ಎರಡು ತಟ್ಟೆ, ಒಳಗೆ ಕೊರೆದ ಶಿಲುಬೆ.
ಒಂದು ಸೌಟು ಹುಯ್ದು ಅದುಮಿದರೆ ಉಸ್ ಅಂತ ಹಬೆ,
ಎತ್ತಿದರೆ ಕಾಗದದಂಥ ರೊಟ್ಟಿ.
ಬಿಲ್ಲೆ ಬಿಲ್ಲೆ ಕತ್ತರಿಸಿದ ಓಸ್ತಿ ಡಬ್ಬಿಗೆ,
ಉಳಿದ ಅಂಚು ನನ್ನ ಸೆರಗಿಗೆ.

ಇಪ್ಪತ್ತೊಂದು ವರ್ಷ ಅಂಚು ತಿಂದ ಮನೆ ನಮ್ಮದು.
ಮಗಳು ಟೀಗೆ ಅದ್ದಿಕೊಂಡು ತಿಂದಳು,
ಹಲ್ಲು ಹೋದ ಮೇಲೆ ಅತ್ತೆಗೂ ಅದೇ ತಿಂಡಿ.
ನಡುವಿನದನ್ನು ಮಾತ್ರ ಕಂಡಿಲ್ಲ.
ಅಲ್ಲ, ಕಂಡಿದ್ದೇನೆ, ಲೆಕ್ಕ ತಪ್ಪುವಷ್ಟು,
ದೇವರಾಗುವ ಮುಂಚೆ.

ಒಮ್ಮೆ ಸಿಸ್ಟರ್ ಫ್ಲೋರಿಟಾರನ್ನು ಕೇಳಿಯೇಬಿಟ್ಟೆ:
ಪರಮಪ್ರಸಾದ ಅಂತೀರಿ. ಪ್ರಸಾದ ಅಂದಮೇಲೆ
ಕೈ ಚಾಚಿದೋರಿಗೆಲ್ಲ ಕೊಡೋದು ತಾನೆ?
ಮಾದಪ್ಪನ ಬೆಟ್ಟದಲ್ಲಿ ಲಾಡು ಕೊಡೋನು
ನಿನಗೆ ಯಾವ ನೀರಲ್ಲಿ ಸ್ನಾನ ಆಗಿದೆ ಅಂತ ಕೇಳಲ್ಲ.
ಚಿಕ್ಕಲ್ಲೂರಿನ ಪಂಕ್ತಿಯಲ್ಲಿ
ಯಾರ ಮಂಡಿಗೆ ಯಾರ ಮಂಡಿ ತಾಗ್ತದೋ ಗೊತ್ತಿಲ್ಲ,
ಎಲ್ಲರ ಎಲೆಗೂ ಒಂದೇ ಸೌಟು.

ಅವರು ಜರಡಿ ನಿಲ್ಲಿಸಲಿಲ್ಲ.
'ಸರಿ. ನಿಮ್ಮೂರ ಗುಡೀಲಿ?' ಅಂದರು.

ನಾನು ಸುಮ್ಮನಾದೆ.
ಮಳವಳ್ಳಿ ಕಡೆಯ ನಮ್ಮೂರಲ್ಲಿ
ತೀರ್ಥ ಮೇಲಿಂದ ಬೀಳುತ್ತಿತ್ತು.
ಅಪ್ಪ ಹೊಸಿಲಾಚೆ ಬೊಗಸೆ ಅಗಲಿಸಿ ನಿಂತಿರುತ್ತಿದ್ದ.
ಅರ್ಧ ಮಣ್ಣಿಗೆ.

ಇನ್ನೊಂದು ದಿನ, ಶ್ರಾವಣದಲ್ಲಿ, ಮತ್ತೆ ನಾನೇ:
ನಮ್ಮಲ್ಲಿ ಕರೆದರೆ ಕಳಸಕ್ಕೆ ಬರ್ತಾಳೆ ಸಿಸ್ಟರ್,
ಸೀರೆ ಉಡ್ತಾಳೆ, ಆರತಿ ತಗೋತಾಳೆ,
ಬಡಗಲಿಗೆ ಒಂದಿಷ್ಟು ಕದಲಿಸಿದರೆ ಹೊರಟುಹೋಗ್ತಾಳೆ.
ತೆಂಗಿನಕಾಯಿ ಮತ್ತೆ ತೆಂಗಿನಕಾಯಿ, ಮಾರನೆ ದಿನ ಪಾಯಸ.
ನಿಮ್ಮೋನನ್ನ ಹ್ಯಾಗೆ ಕಳಿಸಿಕೊಡ್ತೀರಿ?

'ಕಳಿಸೋದಿಲ್ಲ' ಅಂದರು.
ಚಿನ್ನದ ಬಣ್ಣದ ಪೆಟ್ಟಿಗೆ, ಪಕ್ಕದಲ್ಲಿ ಕೆಂಪು ದೀಪ,
ರಾತ್ರಿಯೆಲ್ಲ ಉರಿಯುತ್ತೆ.
ನನಗೆ ಪಾಪ ಅನ್ನಿಸಿತು.
ತೌರಿಗೆ ಹೋಗದ ದೇವರು.

ತಪಸ್ಸುಕಾಲದ ನಾಲ್ಕನೆ ವಾರ ಸಿಸ್ಟರಿಗೆ ಗಂಟಲು ಕಟ್ಟಿತು.
ಗುರುಗಳು ಬಂದು ಉಗುರಿನಷ್ಟು ಚೂರು ಮುರಿದು
ನಾಲಗೆಗಿಟ್ಟರು. ಇಳಿಯಲಿಲ್ಲ. ಕೆಮ್ಮು.
ಚಮಚದ ಕೆಳಗೆ ಹಿಡಿದಿದ್ದ ನನ್ನ ಅಂಗೈಯಲ್ಲಿ
ಒದ್ದೆಯಾಗಿ, ಬಿಳಿ, ಎಳ್ಳುಕಾಳಿನಷ್ಟು.

ಹಿಟ್ಟು ಕಲಸಿದ್ದು ನಾನು. ಸುಟ್ಟಿದ್ದು ನಾನು.
ಈಗ ಮುಷ್ಟಿ ಕಟ್ಟಲೂ ಆರೆ, ಕೊಡವಲೂ ಆರೆ.

ಗುರುಗಳು ಬಗ್ಗಿದರು.
ದಪ್ಪ ಮನುಷ್ಯ, ಮಂಡಿನೋವು,
ಮಂಚದ ಕಾಲು ಹಿಡಿದು ನನ್ನ ಕೈವರೆಗೆ ಮುಖ ತಂದು
ಬೆರಳ ತುದಿಯಲ್ಲಿ ತೆಗೆದು ತಾವೇ ನುಂಗಿದರು.
ರೋಗಿಯ ಎಂಜಲು.
ನನ್ನ ಅಂಗೈಯ ಬೆವರು.
ಆಮೇಲೆ ನನ್ನ ಕೈಯನ್ನು ಬಟ್ಟಲಿಗೆ ಹಿಡಿಸಿ ತೊಳೆದರು,
ಬೆರಳ ಸಂದು ಸಂದು,
ಮನುಷ್ಯರ ಕೈ ತೊಳೆದ ಹಾಗಲ್ಲ, ಪೂಜೆಯ ಪಾತ್ರೆ ತೊಳೆದ ಹಾಗೆ.
ಆ ನೀರು ದಾಸವಾಳದ ಬುಡಕ್ಕೆ, ಯಾರೂ ತುಳಿಯದ ಕಡೆ.

ಸಿಸ್ಟರ್ ನೋಡುತ್ತಿದ್ದರು.
ನಕ್ಕರೋ, ಕೆಮ್ಮಿದರೋ.

ಕತ್ತಲಾದ ಮೇಲೆ ಕೆಸರೆಯ ಬಸ್ಸು ಹಿಡಿದೆ.
ಕಂಬಿ ಹಿಡಿಯಲು ಎಡಗೈ ಬಳಸಿದೆ.
ಮನೆಯಲ್ಲಿ ಒಲೆ, ಕಾಳು, ಸೊಪ್ಪು, ಮುದ್ದೆಯ ಕೋಲು.
ಗಂಡ ಒಂದು ತುತ್ತು ಅದ್ದಿ ಬಾಯಿಗಿಟ್ಟು ನನ್ನ ಮುಖ ನೋಡಿದ:
'ಉಪ್ಪೆಸರಿಗೆ ಉಪ್ಪೇ ಹಾಕಿಲ್ವಲ್ಲೇ.'